ಹೈಸ್ಕೂಲ್ ಮಕ್ಕಳ ಜತೆ ದುಬೈಗೆ ಹೊರಟವರಿಗೆ

ದಾವಣಗೆರೆಯಿಂದ ಕುಟುಂಬ ಸಮೇತ ಹೊರಡುವವರೇ, ಮಗು ಹತ್ತನೇ ಕ್ಲಾಸಲ್ಲಿದ್ದರೆ ಎಸ್ಸೆಸ್ಸೆಲ್ಸಿ ಇಲ್ಲೇ ಮುಗಿಯಲಿ, ಅಜ್ಜಿ ಮನೇಲಿ ಬಿಟ್ಟಾದರೂ ಸರಿ. ಅಲ್ಲಿನ ಹೆಚ್ಚಿನ ಭಾರತೀಯ ಶಾಲೆಗಳಲ್ಲಿರೋ ಸಿಬಿಎಸ್‌ಇಯಲ್ಲಿ 9 ಮತ್ತು 10 ಸೇರಿ ಒಂದೇ ಕೋರ್ಸ್. ನೋಂದಣಿ 9ರಲ್ಲೇ ಆಗಿರುತ್ತೆ, ನಡುವೆ ರಾಜ್ಯ ಪಠ್ಯಕ್ರಮದಿಂದ ಹೋಗಿ ಸೇರೋದು ಬಹಳ ಕಷ್ಟ. ಕನ್ನಡ ಭಾಷಾ ವಿಷಯ ಅಲ್ಲಿನ ಶಾಲೆಯಲ್ಲಿದೆಯಾ ಅಂತಲೂ ಮೊದಲೇ ಕೇಳಿ.

ಹೆಚ್ಚಿನವರು ಮರೆಯೋದು ಸಿಇಟಿ ಲೆಕ್ಕ. ಸಾಮಾನ್ಯ ನಿಯಮದಡಿ 1ರಿಂದ 12ನೇ ಕ್ಲಾಸಿನೊಳಗೆ 7 ವರ್ಷ ಕರ್ನಾಟಕದಲ್ಲಿ ಓದಿರಬೇಕು, ಜತೆಗೆ 10 ಅಥವಾ 12 ಇಲ್ಲೇ ಪಾಸಾಗಿರಬೇಕು. ಎಂಟು ವರ್ಷ ಇಲ್ಲಿ ಓದಿ, ಆ ಎರಡು ಪರೀಕ್ಷೆಯನ್ನೂ ಹೊರಗೆ ಬರೆದರೆ ಈ ನಿಯಮದಡಿ ಅರ್ಹತೆ ಹೋಯ್ತು. 7 ವರ್ಷ ಇಲ್ಲಿ ಓದಿ ಎಸ್ಸೆಸ್ಸೆಲ್ಸಿ ಮುಗಿಸಿ ಹೋದ ಮಗುವಿಗೆ ಈ ಚಿಂತೆಯಿಲ್ಲ. ವ್ಯಾಸಂಗ ಪ್ರಮಾಣಪತ್ರಕ್ಕೆ ಬಿಇಒ ಮೇಲುಸಹಿ ಹೊರಡುವ ಮುಂಚೆಯೇ ಹಾಕಿಸಿಬಿಡಿ.

ಇನ್ನು ಹೆಸರು. ಶಾಲಾ ದಾಖಲೆಯಲ್ಲಿ ‘ಕಾವ್ಯ ಎಚ್.ಎಂ.’ ಅಂತಿರುತ್ತೆ, ಪಾಸ್‌ಪೋರ್ಟಲ್ಲಿ ಇನಿಷಿಯಲ್ ಬಿಡಿಸಿ ಪೂರ್ತಿ ಬರೆದಿರುತ್ತಾರೆ. ವಿದೇಶಕ್ಕೆಂದು ದಾಖಲೆಗಳ ದೃಢೀಕರಣ ಮಾಡಿಸುವ ಹೊತ್ತಿಗೆ ತೊಡಕಾಗೋದು ಇಲ್ಲೇ. ಎಸ್ಸೆಸ್ಸೆಲ್ಸಿ ನೋಂದಣಿಗೆ ಮುಂಚೆ ಹೆಡ್‌ಮಾಸ್ಟರ್ ಹತ್ತಿರ ಸರಿಮಾಡಿಸಿ. ಅಂಕಪಟ್ಟಿ ಅಚ್ಚಾದ ಮೇಲೆ ಪರೀಕ್ಷಾ ಮಂಡಳಿಗೆ ಅಲೆಯಬೇಕಾಗುತ್ತೆ. ಟಿಸಿಗೆ ಯಾರ ಯಾರ ಸೀಲು ಬೇಕು ಅಂತ ಸೇರುವ ಶಾಲೆಯಿಂದಲೇ ಇಮೇಲಲ್ಲಿ ಬರೆಸಿಕೊಳ್ಳಿ.