ವಿದೇಶದಲ್ಲಿ ಸುತ್ತಾಟ: ಯಾವುದನ್ನು ಮೊದಲೇ ಬುಕ್ ಮಾಡಬೇಕು, ಯಾವುದನ್ನು ಬಿಡಬಹುದು

ನೋಡಬೇಕೆಂದುಕೊಂಡ ಜಾಗಗಳ ಪಟ್ಟಿ ತೆಗೆದು, ಒಂದೊಂದರ ಮುಂದೆಯೂ ಕೇಳಿಕೊಳ್ಳಿ: ಅಲ್ಲಿಗೆ ಹೋದ ದಿನ ಟಿಕೆಟ್ ಸಿಗದಿದ್ದರೆ ಏನು ಗತಿ? ‘ನಾಳೆ ಹೋದರಾಯಿತು’ ಎನ್ನಬಹುದಾದರೆ ಅವಸರ ಬೇಡ. ‘ನೋಡದೇ ವಾಪಸ್ ಬರಬೇಕು’ ಎಂದಾದರೆ ಅದನ್ನು ಈಗಲೇ ಬುಕ್ ಮಾಡಿ. ಅಗ್ಗಕ್ಕೆ ಸಿಗುತ್ತದೆ ಎಂಬುದೊಂದೇ ಮೊದಲೇ ದುಡ್ಡು ಕಟ್ಟಲು ಕಾರಣವಾಗಬಾರದು.

ದಿನಕ್ಕೆ ಇಷ್ಟೇ ಜನ ಎಂದು ಮಿತಿ ಇರುವ ಕಡೆ ಕಾಯುವ ಹಾಗಿಲ್ಲ. ಪೆರುವಿನಲ್ಲಿ ಮಾಚು ಪಿಚುಗೆ ನಡೆದು ಹೋಗುವ ಇಂಕಾ ಟ್ರೇಲ್‌ಗೆ ದಿನಕ್ಕೆ 500 ಪರ್ಮಿಟ್. ಗೈಡ್‌ಗಳು, ಹೊರೆಯಾಳುಗಳು ಎಲ್ಲರೂ ಅದರಲ್ಲೇ ಸೇರುವುದರಿಂದ ಪ್ರವಾಸಿಗರಿಗೆ ಉಳಿಯುವುದು ಅರ್ಧಕ್ಕಿಂತ ಕಡಿಮೆ. ಫೆಬ್ರುವರಿಯಲ್ಲಂತೂ ದಾರಿಯೇ ಬಂದ್. ಆಮ್‌ಸ್ಟರ್‌ಡ್ಯಾಮ್‌ನ ಡೈರಿಯಿಂದ ಹೆಸರಾದ ಆನ್ ಫ್ರಾಂಕ್ ಅಡಗಿದ್ದ ಮನೆಯ ಟಿಕೆಟ್ ಆನ್‌ಲೈನ್‌ನಲ್ಲಷ್ಟೇ ಸಿಗುತ್ತದೆ. ಪ್ರತಿ ಮಂಗಳವಾರ, ಆರು ವಾರ ಮುಂದಿನ ದಿನಗಳಿಗೆ ಮಾರಾಟ ಶುರುವಾಗುತ್ತದೆ. ಟೋಕಿಯೋ ಪಕ್ಕದ ಮಿತಾಕಾದಲ್ಲಿರುವ ಗಿಬ್ಲಿ ಆನಿಮೇಷನ್ ಮ್ಯೂಸಿಯಂ ಪ್ರತಿ ತಿಂಗಳ 10ರಂದು ಬೆಳಿಗ್ಗೆ 10ಕ್ಕೆ ಮುಂದಿನ ತಿಂಗಳ ಟಿಕೆಟ್ ಬಿಡುತ್ತದೆ, ಬಾಗಿಲಲ್ಲಿ ಮಾರುವುದಿಲ್ಲ. ಆ ಹತ್ತು ಗಂಟೆ ಜಪಾನಿನದು, ನಿಮ್ಮ ಗಡಿಯಾರದ್ದಲ್ಲ. ಅನೇಕರು ಎಡವುವುದೇ ಇಲ್ಲಿ.

ಸ್ಪೇನಿನ ಗ್ರಾನಡಾದ ಅಲ್ಹಾಂಬ್ರದಲ್ಲಿ ಇನ್ನೊಂದು ತೊಡಕು. ಟಿಕೆಟ್ ಮೇಲಿನ ಸಮಯ ನಾಸ್ರಿದ್ ಅರಮನೆಗಳ ಪ್ರವೇಶದ್ದು. ಅದು ತಪ್ಪಿದರೆ ಉಳಿದ ಕೋಟೆ, ತೋಟಗಳನ್ನು ನೋಡಬಹುದೇ ಹೊರತು ಅರಮನೆಗಳ ಒಳಗೆ ಬಿಡುವುದಿಲ್ಲ. ಮುಖ್ಯ ದ್ವಾರದಿಂದ ಅಲ್ಲಿಗೆ ನಡೆಯುವ ಹೊತ್ತನ್ನೂ ಲೆಕ್ಕಕ್ಕೆ ಹಿಡಿಯಿರಿ. ಇಂಥ ಟಿಕೆಟ್‌ಗಳಲ್ಲಿ ಹೆಸರು, ನಂಬರ್ ಪಾಸ್‌ಪೋರ್ಟ್‌ನಲ್ಲಿ ಇರುವಂತೆಯೇ ಇರಬೇಕು. ಇನಿಶಿಯಲ್ ಬಿಡಿಸಿ ಬರೆಯುವವರಿಗೆ ಈ ಮಾತು ಎರಡು ಸಲ.

ಹವಾಮಾನ ನಂಬಿದ ಸುತ್ತಾಟಗಳ ಲೆಕ್ಕವೇ ಬೇರೆ. ಟರ್ಕಿಯ ಕಪಡೋಕಿಯಾದಲ್ಲಿ ಗಾಳಿ ಜೋರಿದ್ದರೆ ಆ ಬೆಳಿಗ್ಗೆ ಪ್ರವಾಸಿಗರನ್ನು ಹೊತ್ತು ಹಾರುವ ಒಂದೂ ಬಲೂನ್ ಏಳುವುದಿಲ್ಲ. ಅಲ್ಲಿ ಮೂರು ದಿನ ಇರುವುದಾದರೆ ಮೊದಲ ಬೆಳಗಿಗೇ ಬುಕ್ ಮಾಡಿ; ರದ್ದಾದರೆ ಇನ್ನೂ ಎರಡು ಬೆಳಗು ಕೈಯಲ್ಲಿರುತ್ತವೆ. ಕೊನೆಯ ದಿನಕ್ಕಿಟ್ಟುಕೊಂಡರೆ ಹಣ ವಾಪಸ್ ಬರಬಹುದು, ಬಲೂನ್ ಬರುವುದಿಲ್ಲ. ಸ್ವಿಟ್ಜರ್‌ಲೆಂಡಿನ ಯುಂಗ್‌ಫ್ರಾಯೋಖ್‌ಗೆ ಇದರ ಉಲ್ಟಾ ನಡೆ. 3,454 ಮೀಟರ್ ಎತ್ತರದ ಆ ರೈಲು ನಿಲ್ದಾಣದಲ್ಲಿ ಮೋಡ ಕವಿದರೆ ಕಾಣುವುದು ಬರೀ ಬಿಳಿ ಗೋಡೆ, ಟಿಕೆಟೂ ದುಬಾರಿ. ಬೆಳಿಗ್ಗೆ ವೆಬ್‌ಕ್ಯಾಮ್ ನೋಡಿ ಹೊರಡುವುದು ಜಾಣತನ.

ನಡಿಗೆ ಟೂರ್, ನದಿಯ ದೋಣಿ, ಊರು ಸುತ್ತಿಸುವ ಬಸ್ಸು: ಇವೆಲ್ಲ ಸಾಮಾನ್ಯವಾಗಿ ಹೋದ ಮೇಲೂ ಸಿಗುತ್ತವೆ.

ಹಣ ಕಟ್ಟುವ ಮುನ್ನ ಷರತ್ತು ಓದಿ. ‘24 ಗಂಟೆ ಮುಂಚೆ ರದ್ದು ಮಾಡಿದರೆ ಪೂರ್ತಿ ವಾಪಸ್’ ಎಂದಿದ್ದರೆ ಆ ಗಂಟೆಗಳು ಯಾವ ಊರಿನ ಸಮಯದ್ದು ಎಂದು ನೋಡಿ. ಸಾಮಾನ್ಯವಾಗಿ ಅದು ಟೂರ್ ನಡೆಯುವ ಊರಿನದು. ಕನಿಷ್ಠ ಇಷ್ಟು ಜನ ಸೇರದಿದ್ದರೆ ಟೂರ್ ಇಲ್ಲ ಎಂಬ ಸಾಲು ಕೆಳಗೆಲ್ಲೋ ಅಡಗಿರುತ್ತದೆ. ‘ಕ್ಯೂ ಇಲ್ಲದೆ ಪ್ರವೇಶ’ ಎಂದರೆ ಬಹುತೇಕ ಕಡೆ ಟಿಕೆಟ್ ಕೌಂಟರಿನ ಸಾಲು ತಪ್ಪುತ್ತದೆ ಅಷ್ಟೇ, ಭದ್ರತಾ ತಪಾಸಣೆಯದಲ್ಲ. ಹುಡುಕಿದಾಗ ಮೊದಲು ಕಾಣುವ ಸೈಟ್ ಮಧ್ಯವರ್ತಿಯದೂ ಆಗಿರಬಹುದು, ಆದ್ದರಿಂದ ಸ್ಥಳದ ಅಧಿಕೃತ ಸೈಟಿನ ದರ ನೋಡಿಕೊಳ್ಳಿ. ವೀಸಾ ಬರುವ ಮುನ್ನ, ವಾಪಸ್ ಸಿಗದ ಟಿಕೆಟ್‌ಗೆ ಕೈ ಹಾಕಬೇಡಿ.

ದಿನ ಗೊತ್ತು ಮಾಡುವಾಗ ವಾರದ ರಜೆಯನ್ನೂ ನೋಡಿ: ಪ್ಯಾರಿಸ್‌ನ ಲೂವ್ರ್ ಮ್ಯೂಸಿಯಂ ಮಂಗಳವಾರ ಮುಚ್ಚಿರುತ್ತದೆ, ಓರ್ಸೇ ಮ್ಯೂಸಿಯಂ ಸೋಮವಾರ. ದೂರದ ವಿಮಾನ ಇಳಿದ ದಿನ ಏನನ್ನೂ ಇಟ್ಟುಕೊಳ್ಳಬೇಡಿ. ಸ್ಕೂಬಾ ಡೈವಿಂಗ್ ಇದ್ದರೆ ಕೊನೆಯ ದಿನ ಬೇಡ. ಒಂದಕ್ಕಿಂತ ಹೆಚ್ಚು ಸಲ ಮುಳುಗಿದ್ದರೆ ವಿಮಾನ ಹತ್ತುವ ಮೊದಲು ಕನಿಷ್ಠ 18 ಗಂಟೆ ಬಿಡಬೇಕು. ರಕ್ತದಲ್ಲಿ ಉಳಿದ ಸಾರಜನಕ ಕಡಿಮೆ ಒತ್ತಡದಲ್ಲಿ ಗುಳ್ಳೆಯಾಗುತ್ತದೆ.

ಕ್ರೂಸ್‌ನಲ್ಲಿ ಹೋಗುವವರು ಇನ್ನೊಂದು ವಿಷಯ ತೂಗಬೇಕು. ಹಡಗಿನವರದೇ ಟೂರ್ ತಡವಾದರೆ ಸಾಮಾನ್ಯವಾಗಿ ಹಡಗು ಕಾಯುತ್ತದೆ. ಹೊರಗಿನವರ ಜೊತೆ ಹೋದರೆ ದರ ಕಡಿಮೆ, ಆದರೆ ಹಡಗು ತಪ್ಪಿದರೆ ಮುಂದಿನ ಬಂದರಿನವರೆಗಿನ ಖರ್ಚು ನಿಮ್ಮದೇ. ಹಡಗು ಹೊರಡುವ ಹೊತ್ತಿಗಿಂತ ಎರಡು ಗಂಟೆ ಮುಂಚೆ ಮುಗಿಯುವ ಟೂರ್ ಆದರೆ ಮಾತ್ರ ಹೊರಗಿನದನ್ನು ಆರಿಸಿ.