ಪೊಲೀಸ್ ಠಾಣೆಗೆ ಪ್ರಕರಣ ನಿರ್ವಹಣಾ ತಂತ್ರಾಂಶ ರೂಪಿಸುವ ಬಗೆ

ಪೊಲೀಸ್ ಠಾಣೆಯಲ್ಲಿ ಸಿದ್ಧವಾಗುವ ಕಡತವನ್ನು ಕೊನೆಗೆ ಓದುವವರು ದಂಡಾಧಿಕಾರಿಗಳು, ಸರ್ಕಾರಿ ಅಭಿಯೋಜಕರು ಮತ್ತು ಆರೋಪಿಯ ಪರ ವಕೀಲರು. ಪ್ರಕರಣ ದಾಖಲಾಗಿ ನಾಲ್ಕಾರು ವರ್ಷ ಕಳೆದು, ತನಿಖೆ ಮಾಡಿದ ಅಧಿಕಾರಿ ಬೇರೆ ಜಿಲ್ಲೆಗೆ ವರ್ಗವಾದ ಮೇಲೂ ಪಾಟೀಸವಾಲಿನಲ್ಲಿ ಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಬಗೆಯವಾಗಿರುತ್ತವೆ: ಇದನ್ನು ಬರೆದವರು ಯಾರು, ಯಾವಾಗ ಬರೆದರು, ಆಮೇಲೆ ಇದು ಬದಲಾಯಿತೇ, ಈ ವಸ್ತು ಈ ನಡುವೆ ಯಾರ ವಶದಲ್ಲಿತ್ತು? ಪ್ರಕರಣ ನಿರ್ವಹಣಾ ತಂತ್ರಾಂಶ ಈ ನಾಲ್ಕು ಪ್ರಶ್ನೆಗಳಿಗೆ ಸಂದೇಹವಿಲ್ಲದ ಉತ್ತರ ಕೊಡುವಂತಿರಬೇಕು. ಉಳಿದ ಅನುಕೂಲಗಳೆಲ್ಲ ಅದರ ನಂತರ ಬರತಕ್ಕವು. ಕರ್ನಾಟಕದ ಒಂದು ಠಾಣೆಯನ್ನೋ ಉಪವಿಭಾಗವನ್ನೋ ಎದುರಿಗಿಟ್ಟುಕೊಂಡು ಅಂಥ ತಂತ್ರಾಂಶವನ್ನು ಕಟ್ಟುವ ಕ್ರಮವನ್ನು ಇಲ್ಲಿ ವಿವರಿಸಿದೆ.

ಮೊದಲು ಕಡತ, ಆಮೇಲೆ ಕೋಡ್

ಕೆಲಸವನ್ನು ಠಾಣಾ ಬರಹಗಾರರ ಮೇಜಿನ ಪಕ್ಕದಲ್ಲಿ ಆರಂಭಿಸಬೇಕು. ಅಧಿಕಾರಿಗಳ ಸಭೆಯಲ್ಲಿ ಹೇಳಲಾಗುವ ಅಗತ್ಯಗಳು ಬಹುಪಾಲು ಅಂಕಿಅಂಶ ಮತ್ತು ವರದಿಗಳಿಗೆ ಸಂಬಂಧಿಸಿರುತ್ತವೆ. ದಿನವಿಡೀ ಕಾಗದದೊಡನೆ ಏಗುವವರ ಕಷ್ಟ ಅಲ್ಲಿ ಕಾಣಿಸುವುದಿಲ್ಲ. ಜಿಲ್ಲಾ ಪೊಲೀಸ್ ಅಧೀಕ್ಷಕರ ಲಿಖಿತ ಅನುಮತಿ ಪಡೆದು, ವಿಚಾರಣೆ ಮುಗಿದು ತೀರ್ಪಾದ ಒಂದು ಹಲ್ಲೆ ಪ್ರಕರಣ, ಒಂದು ಕಳವು ಪ್ರಕರಣ ಮತ್ತು ಒಂದು ಸೈಬರ್ ವಂಚನೆ ಪ್ರಕರಣದ ಕಡತಗಳನ್ನು ಠಾಣೆಯಲ್ಲಿಯೇ ಕುಳಿತು ಹಾಳೆ ಹಾಳೆಯಾಗಿ ಓದಬೇಕು. ದೂರು, ಪ್ರಥಮ ವರ್ತಮಾನ ವರದಿ (ಎಫ್‌ಐಆರ್), ಸ್ಥಳ ಮಹಜರು, ಸಾಕ್ಷಿಗಳ ಹೇಳಿಕೆ, ಗಾಯದ ಪ್ರಮಾಣಪತ್ರ, ಜಪ್ತಿ ಪಂಚನಾಮೆ, ಜಪ್ತಿಯಾದ ಸ್ವತ್ತಿನ ವಿವರವಿರುವ ಪಿ.ಎಫ್. ನಮೂನೆ, ರಿಮಾಂಡ್ ಅರ್ಜಿ, ವಿಧಿವಿಜ್ಞಾನ ಪ್ರಯೋಗಾಲಯದ ವರದಿ, ದೋಷಾರೋಪಣಾ ಪಟ್ಟಿ ಎಂಬ ಈ ಸಾಲಿನಲ್ಲಿ ಪ್ರತಿ ಕಾಗದವನ್ನು ಯಾರು ಬರೆದರು, ಯಾರು ಸಹಿ ಮಾಡಿದರು, ಅದು ಎಲ್ಲಿಗೆ ಹೋಯಿತು ಎಂಬುದನ್ನು ಗುರುತು ಹಾಕಿಕೊಂಡರೆ ತಂತ್ರಾಂಶದ ಅರ್ಧ ವಿನ್ಯಾಸ ಅಲ್ಲಿಯೇ ಸಿಕ್ಕಂತಾಗುತ್ತದೆ. ಎಲ್ಲ ಪ್ರಕರಣಗಳೂ ದೋಷಾರೋಪಣಾ ಪಟ್ಟಿಯಲ್ಲಿ ಮುಗಿಯುವುದಿಲ್ಲ. ಸುಳ್ಳು ಅಥವಾ ಅಪರಾಧವಲ್ಲವೆಂದು ಕಂಡ ಕೆಲವು ‘ಬಿ’ ವರದಿಯಾಗಿಯೂ, ಪತ್ತೆಯಾಗದವು ‘ಸಿ’ ವರದಿಯಾಗಿಯೂ ನ್ಯಾಯಾಲಯಕ್ಕೆ ಹೋಗುತ್ತವೆ. ಅಸಹಜ ಸಾವಿನ ಪ್ರಕರಣ, ಅಂದರೆ ಯುಡಿಆರ್, ತನಿಖೆಯ ನಡುವೆ ಕೊಲೆ ಪ್ರಕರಣವಾಗಿ ಮಾರ್ಪಡಬಹುದು. ಈ ದಾರಿಗಳಿಗೆಲ್ಲ ವಿನ್ಯಾಸದಲ್ಲಿ ಮೊದಲಿನಿಂದಲೇ ಜಾಗವಿರಬೇಕು.

ರಾಜ್ಯದಲ್ಲಿ ಪೊಲೀಸ್ ಐಟಿ ತಂತ್ರಾಂಶ ಈಗಾಗಲೇ ಬಳಕೆಯಲ್ಲಿದೆ, ಮತ್ತು ದೇಶದ ಮಟ್ಟದಲ್ಲಿ ಅಪರಾಧ ಮತ್ತು ಅಪರಾಧಿಗಳ ಮಾಹಿತಿಯನ್ನು ಠಾಣೆಗಳ ನಡುವೆ ಹಂಚಲು 2009ರಲ್ಲಿ ಮಂಜೂರಾದ ಸಿಸಿಟಿಎನ್‌ಎಸ್ ಯೋಜನೆಯ ಜಾಲವಿದೆ. ಆದ್ದರಿಂದ ಹೊಸ ತಂತ್ರಾಂಶ ತಾನೇ ಅಪರಾಧ ಸಂಖ್ಯೆಯನ್ನು ಸೃಷ್ಟಿಸಲು ಹೋಗಬಾರದು. ಅಧಿಕೃತ ವ್ಯವಸ್ಥೆಯಲ್ಲಿ ದಾಖಲಾದ ಸಂಖ್ಯೆಯನ್ನು ಪಡೆದು, ಅಲ್ಲಿಂದ ಮುಂದಿನ ತನಿಖೆಯ ಕೆಲಸವನ್ನು ಹಗುರ ಮಾಡುವುದೇ ಅದರ ಪಾಲಿನ ಕೆಲಸ. ಒಂದೇ ವಿವರವನ್ನು ಎರಡು ಕಡೆ ಟೈಪ್ ಮಾಡಿಸುವ ತಂತ್ರಾಂಶವನ್ನು ಸಿಬ್ಬಂದಿ ಕೆಲವೇ ವಾರಗಳಲ್ಲಿ ಕೈಬಿಡುತ್ತಾರೆ, ಅದು ನ್ಯಾಯವೂ ಹೌದು.

ಸಂಖ್ಯೆ, ಹೆಸರು, ಕಲಂ

ಅಪರಾಧ ಸಂಖ್ಯೆ ಪ್ರತಿ ಠಾಣೆಯಲ್ಲಿ ವರ್ಷಕ್ಕೊಮ್ಮೆ ಒಂದರಿಂದ ಶುರುವಾಗುತ್ತದೆ. ಇದಲ್ಲದೆ ಠಾಣೆಯ ವ್ಯಾಪ್ತಿ ನೋಡದೆ ದಾಖಲಿಸುವ ಶೂನ್ಯ ಎಫ್‌ಐಆರ್ ವ್ಯಾಪ್ತಿಯುಳ್ಳ ಠಾಣೆಗೆ ಹೋದಾಗ, ಅಥವಾ ಪ್ರಕರಣ ಸಿಐಡಿಗೆ ವರ್ಗವಾದಾಗ ಹೊಸ ಸಂಖ್ಯೆ ಬರಬಹುದು. ಹೀಗಾಗಿ ದತ್ತಸಂಚಯದಲ್ಲಿ ಪ್ರತಿ ಪ್ರಕರಣಕ್ಕೂ ಎಂದಿಗೂ ಬದಲಾಗದ ಒಂದು ಒಳಗುರುತನ್ನು ಕೊಟ್ಟು, ಅಪರಾಧ ಸಂಖ್ಯೆ, ನ್ಯಾಯಾಲಯದ ಸಿ.ಸಿ. ಸಂಖ್ಯೆ ಮತ್ತು ನ್ಯಾಯಾಲಯಗಳ ಗಣಕ ಜಾಲವಾದ ಇ-ಕೋರ್ಟ್ಸ್‌ನ 16 ಅಕ್ಷರಗಳ ಸಿಎನ್‌ಆರ್ ಸಂಖ್ಯೆಯನ್ನು ಅದಕ್ಕೆ ಜೋಡಿಸಿದ ಬೇರೆ ಬೇರೆ ದಾಖಲೆಗಳಾಗಿ ಇಡಬೇಕು.

ವ್ಯಕ್ತಿಯನ್ನು ‘ಪಿರ್ಯಾದುದಾರ’ ಅಥವಾ ‘ಆರೋಪಿ’ ಎಂಬ ಕೋಷ್ಟಕಗಳಲ್ಲಿ ಹಂಚಬಾರದು. ಊರಿನ ಜಗಳಗಳಲ್ಲಿ ದೂರು ಮತ್ತು ಪ್ರತಿದೂರು ಒಟ್ಟಿಗೇ ಬರುತ್ತವೆ. ಒಂದರ ಗಾಯಾಳು ಇನ್ನೊಂದರ ಎರಡನೇ ಆರೋಪಿಯಾಗಿರುತ್ತಾನೆ. ವ್ಯಕ್ತಿ ಒಂದು ಕಡೆ, ಆಯಾ ಪ್ರಕರಣದಲ್ಲಿ ಅವನ ಪಾತ್ರ ಇನ್ನೊಂದು ಕಡೆ ಇರಲಿ. ಹೆಸರಿಗೂ ಒಂದೇ ಅಂಕಣ ಸಾಲದು. ‘ಮಂಜುನಾಥ @ ಮಂಜ ಬಿನ್ ಲೇಟ್ ರಾಮಯ್ಯ’ ಎಂದು ಬರೆಯುವ ಪದ್ಧತಿಯಲ್ಲಿ ಹೆಸರು, ಅಡ್ಡಹೆಸರು, ತಂದೆಯ ಹೆಸರು ಮತ್ತು ತಂದೆ ತೀರಿಕೊಂಡಿರುವ ಸಂಗತಿ ನಾಲ್ಕೂ ಸೇರಿವೆ. ವಿವಾಹಿತ ಮಹಿಳೆಯರ ಹೆಸರಿನ ಮುಂದೆ, ಇಂಥವರ ಹೆಂಡತಿ ಎಂಬ ಅರ್ಥದ ‘ಕೋಂ’ ಬರುತ್ತದೆ. ಇವುಗಳನ್ನು ಬಿಡಿಬಿಡಿಯಾಗಿ ಸಂಗ್ರಹಿಸಿ, ಮುದ್ರಿಸುವಾಗ ರೂಢಿಯ ಕ್ರಮದಲ್ಲಿ ಕೂಡಿಸಬೇಕು.

ಕನ್ನಡದಲ್ಲಿ ಹುಡುಕುವ ಸೌಲಭ್ಯಕ್ಕೆ ವಿಶೇಷ ಗಮನ ಬೇಕು. ಹಳೆಯ ಕಡತಗಳ ಪಠ್ಯ ಯೂನಿಕೋಡ್ ಅಲ್ಲದ ನುಡಿ ಅಕ್ಷರಗಳಲ್ಲಿ ಇರಬಹುದಾದ್ದರಿಂದ ಅದನ್ನು ಪರಿವರ್ತಿಸಿಯೇ ಒಳಗೆ ತೆಗೆದುಕೊಳ್ಳಬೇಕು. ಯೂನಿಕೋಡಿನಲ್ಲಿಯೂ ‘ಕೊ’ ಎಂಬಲ್ಲಿನ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಎರಡು ಸಂಕೇತಗಳ ಜೋಡಿಯಾಗಿಯೂ ಬರೆಯಲು ಸಾಧ್ಯ. ಕಣ್ಣಿಗೆ ಒಂದೇ ಆಗಿ ಕಾಣುವ ಇವೆರಡು ಯಂತ್ರಕ್ಕೆ ಬೇರೆ ಬೇರೆ. ಪಠ್ಯವನ್ನು ಎನ್‌ಎಫ್‌ಸಿ ಎಂಬ ಒಂದೇ ಪ್ರಮಾಣಿತ ಯೂನಿಕೋಡ್ ರೂಪಕ್ಕೆ ತರುವುದು, ಹುಡುಕಾಟದ ಸೂಚಿಯಲ್ಲಿ ಕಣ್ಣಿಗೆ ಕಾಣದ ಜೋಡಕ ಚಿಹ್ನೆಗಳನ್ನು ತೆಗೆಯುವುದು, ಮಂಜುನಾಥ ಮತ್ತು ಮಂಜುನಾಥ್ ಎಂಬಂಥ ಕೊನೆಯ ವ್ಯತ್ಯಾಸಗಳನ್ನೂ ಅಲ್ಪಪ್ರಾಣ ಮಹಾಪ್ರಾಣಗಳ ಭೇದವನ್ನೂ ಸಡಿಲಿಸಿ ಹೋಲಿಸುವುದು ಅನಿವಾರ್ಯ. ಆದರೆ ಹೀಗೆ ಸಿಕ್ಕ ಹೋಲಿಕೆ ಸೂಚನೆ ಮಾತ್ರ. ಇಬ್ಬರನ್ನು ಒಬ್ಬನೆಂದು ಯಂತ್ರವೇ ತೀರ್ಮಾನಿಸಿ ದಾಖಲೆಗಳನ್ನು ಬೆಸೆದರೆ, ನಿರಪರಾಧಿಯೊಬ್ಬ ಹೆಸರಿನ ಕಾರಣಕ್ಕಾಗಿಯೇ ಠಾಣೆಗೆ ಅಲೆಯಬೇಕಾದೀತು. ಅಂಥ ಬೆಸುಗೆಗೆ ಅಧಿಕಾರಿಯೊಬ್ಬರ ಸಹಿ ಬೇಕು, ಅದನ್ನು ಬಿಡಿಸಲು ದಾರಿಯೂ ಇರಬೇಕು.

ಕಲಂಗಳ ಪಟ್ಟಿಯಲ್ಲಿ ಕಾಯ್ದೆಯ ಹೆಸರು ಮತ್ತು ಜಾರಿಯ ದಿನಾಂಕ ಕಡ್ಡಾಯ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ. ಭಾರತೀಯ ದಂಡ ಸಂಹಿತೆಯ 302 ಕೊಲೆಗೆ ಸಂಬಂಧಿಸಿದ್ದು, ಹೊಸ ಸಂಹಿತೆಯಲ್ಲಿ ಕೊಲೆಗೆ 103. ಅಲ್ಲಿಯ 302 ಧಾರ್ಮಿಕ ಭಾವನೆಗೆ ನೋವುಂಟುಮಾಡುವ ಉದ್ದೇಶದ ಮಾತುಗಳ ಕುರಿತದ್ದು. ಕೃತ್ಯ ನಡೆದ ದಿನ ಮತ್ತು ಪ್ರಕರಣ ದಾಖಲಾದ ದಿನ ಎರಡನ್ನೂ ಪ್ರತ್ಯೇಕವಾಗಿ ಪಡೆದರೆ ಮಾತ್ರ, ಹಿಂದೆ ನಡೆದ ಕೃತ್ಯಕ್ಕೆ ಹಳೆಯ ಸಂಹಿತೆಯ ಕಲಂ ತೋರಿಸಲು ಸಾಧ್ಯವಾಗುತ್ತದೆ.

ಗಡುವಿನ ಲೆಕ್ಕ

ತಂತ್ರಾಂಶದಿಂದ ತನಿಖಾಧಿಕಾರಿಗೆ ಆಗುವ ಅತಿ ದೊಡ್ಡ ಉಪಕಾರ ಇದು. ಬಂಧಿತನನ್ನು, ಪ್ರಯಾಣದ ಅವಧಿ ಬಿಟ್ಟು, 24 ಗಂಟೆಯೊಳಗೆ ದಂಡಾಧಿಕಾರಿಗಳ ಮುಂದೆ ಹಾಜರುಪಡಿಸಬೇಕು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 187ನೇ ಕಲಮಿನಂತೆ, ಮರಣದಂಡನೆ, ಜೀವಾವಧಿ ಅಥವಾ ಹತ್ತು ವರ್ಷ ಮತ್ತು ಮೇಲ್ಪಟ್ಟ ಶಿಕ್ಷೆಯ ಅಪರಾಧಗಳಲ್ಲಿ 90 ದಿನ, ಉಳಿದವುಗಳಲ್ಲಿ 60 ದಿನದೊಳಗೆ ಅಂತಿಮ ವರದಿ ಸಲ್ಲಿಕೆಯಾಗದಿದ್ದರೆ ಆರೋಪಿಗೆ ಜಾಮೀನಿನ ಹಕ್ಕು ಹುಟ್ಟುತ್ತದೆ. ಈ ಎಣಿಕೆ ಬಂಧನದ ದಿನದಿಂದಲ್ಲ, ದಂಡಾಧಿಕಾರಿಗಳು ರಿಮಾಂಡ್ ಮಾಡಿದ ದಿನದಿಂದ ಶುರುವಾಗುತ್ತದೆ. ಆ ದಿನವನ್ನೂ ಸೇರಿಸಿ ಎಣಿಸಬೇಕೆಂದು ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆ. ಮಾದಕ ವಸ್ತುಗಳ ಕಾಯ್ದೆಯಡಿ ವಾಣಿಜ್ಯ ಪ್ರಮಾಣದ ಪ್ರಕರಣಗಳಿಗೆ 180 ದಿನ. ಐವರು ಆರೋಪಿಗಳು ಐದು ಬೇರೆ ಬೇರೆ ದಿನ ಸಿಕ್ಕರೆ ಐದು ಗಡುವುಗಳು. ನಡುವೆ ಹೊಸ ಕಲಂ ಸೇರಿದರೆ ಎಲ್ಲವನ್ನೂ ಮರುಲೆಕ್ಕಿಸಬೇಕು. ಆದ್ದರಿಂದ ಗಡುವನ್ನು ಪ್ರಕರಣಕ್ಕಲ್ಲದೆ ಆರೋಪಿಗೆ ಕಟ್ಟಬೇಕು. ನ್ಯಾಯಾಲಯದ ರಜೆಯನ್ನು ನೆಪವಾಗಿ ನಂಬುವಂತಿಲ್ಲದ ಕಾರಣ, ಎಚ್ಚರಿಕೆಯ ಸಂದೇಶ ಸಾಕಷ್ಟು ಮುಂಚಿತವಾಗಿ ತನಿಖಾಧಿಕಾರಿಗೂ, ಆಮೇಲೆ ಡಿವೈಎಸ್‌ಪಿಯವರಿಗೂ ಹೋಗಲಿ. ಪೋಕ್ಸೊ ಪ್ರಕರಣದಲ್ಲಿ ಮಕ್ಕಳ ಕಲ್ಯಾಣ ಸಮಿತಿಗೂ ವಿಶೇಷ ನ್ಯಾಯಾಲಯಕ್ಕೂ 24 ಗಂಟೆಯೊಳಗೆ ವರದಿ ಮಾಡಬೇಕಿದೆ.

ತನಿಖೆಯ ಪ್ರಗತಿಯನ್ನು ದೂರುದಾರರಿಗೆ ಅಥವಾ ಸಂತ್ರಸ್ತರಿಗೆ 90 ದಿನಗಳೊಳಗೆ ತಿಳಿಸಬೇಕೆಂದು ನಾಗರಿಕ ಸುರಕ್ಷಾ ಸಂಹಿತೆಯ 193ನೇ ಕಲಂ ಹೇಳುತ್ತದೆ. ಕೆಲಸದ ಒತ್ತಡದಲ್ಲಿ ಮೊದಲು ಮರೆತುಹೋಗುವುದು ಇದೇ. ಮನೆಯ ಒಡವೆ ಕಳೆದುಕೊಂಡು ತಿಂಗಳುಗಟ್ಟಲೆ ಕಾದಿರುವವರಿಗೆ ಆ ಒಂದು ಸಂದೇಶದ ಬೆಲೆ ದೊಡ್ಡದು. ಅದನ್ನು ತಂತ್ರಾಂಶದ ಮೊದಲ ಆವೃತ್ತಿಯಲ್ಲಿಯೇ ಅಳವಡಿಸಬೇಕು.

ಅಳಿಸಲಾಗದ ದಾಖಲೆ

ಯಾವ ನಮೂದನ್ನೂ ತಿದ್ದಿ ಹಳೆಯದನ್ನು ಮರೆಮಾಡುವಂತಿರಬಾರದು. ತಿದ್ದುಪಡಿ ಹೊಸ ನಮೂದಾಗಿ, ಕಾರಣ ಸಹಿತ, ಹಳೆಯದರ ಕೆಳಗೆ ಸೇರಬೇಕು. ಸಮಯವನ್ನು ಬಳಕೆದಾರರ ಕಂಪ್ಯೂಟರಿನಿಂದ ತೆಗೆದುಕೊಳ್ಳದೆ ಸರ್ವರ್‌ನಿಂದಲೇ ಪಡೆಯಬೇಕು, ಮತ್ತು ಘಟನೆ ನಡೆದ ಸಮಯ ಹಾಗೂ ಅದನ್ನು ನಮೂದಿಸಿದ ಸಮಯ ಎರಡೂ ಬೇರೆ ಅಂಕಣಗಳಾಗಿರಬೇಕು. ಹಳ್ಳಿಯ ಠಾಣೆಯಲ್ಲಿ ಜಾಲ ಸಂಪರ್ಕ ಕಡಿದು ಸಂಜೆ ನಮೂದಾದ ಬೆಳಗಿನ ಮಹಜರು ಆಗ ಸುಳ್ಳಾಗಿ ಕಾಣುವುದಿಲ್ಲ.

ಠಾಣೆಗಳಲ್ಲಿ ಇನ್‌ಸ್ಪೆಕ್ಟರರ ಪಾಸ್‌ವರ್ಡ್ ಬರಹಗಾರರ ಬಳಿಯೇ ಇರುವುದುಂಟು. ಆದೇಶ ಹೊರಡಿಸಿ ಇದನ್ನು ನಿಲ್ಲಿಸುವುದು ಕಷ್ಟ. ಬರೆಯುವವರು ಒಬ್ಬರು, ಹೊಣೆ ಹೊರುವವರು ಇನ್ನೊಬ್ಬರು ಎಂಬ ವಾಸ್ತವವನ್ನು ತಂತ್ರಾಂಶವೇ ಒಪ್ಪಿಕೊಳ್ಳಬೇಕು. ಕರಡು ಬರೆದವರ ಹೆಸರಿನಲ್ಲಿ ಕರಡು ದಾಖಲಾಗಲಿ, ಅಧಿಕಾರಿ ಓದಿ ತಮ್ಮದೇ ಮೊಬೈಲಿಗೆ ಬಂದ ಸಂಕೇತದಿಂದ ಅನುಮೋದಿಸಲಿ. ಕೇಸ್ ಡೈರಿಗೆ ಇನ್ನೂ ಬಿಗಿಯಾದ ಕಾವಲು ಬೇಕು. ನಾಗರಿಕ ಸುರಕ್ಷಾ ಸಂಹಿತೆಯ 192ನೇ ಕಲಂ ಅದನ್ನು ದಿನದಿನವೂ ಬರೆಯಬೇಕೆಂದೂ ಪುಟಸಂಖ್ಯೆ ಸಹಿತ ಸಂಪುಟವಾಗಿರಬೇಕೆಂದೂ ಹೇಳುತ್ತದೆ. ಆರೋಪಿಯ ಕಡೆಯವರಿಗೆ ಅದನ್ನು ಕೇಳುವ ಸಾಮಾನ್ಯ ಹಕ್ಕಿಲ್ಲ. ಆದ್ದರಿಂದ ದೋಷಾರೋಪಣಾ ಪಟ್ಟಿಯ ಪ್ರತಿಗಳನ್ನು ತಯಾರಿಸುವ ಭಾಗಕ್ಕೆ ಡೈರಿಯ ಪುಟಗಳು ತಲುಪದಂತೆ ದತ್ತಸಂಚಯದ ಹಂತದಲ್ಲಿಯೇ ಬೇರ್ಪಡಿಸಬೇಕು.

ಮುದ್ದೆಮಾಲು ಮತ್ತು ವಿದ್ಯುನ್ಮಾನ ಸಾಕ್ಷ್ಯ

ಜಪ್ತಿಯಾದ ಪ್ರತಿ ವಸ್ತುವಿಗೂ, ಅಂದರೆ ಮುದ್ದೆಮಾಲಿಗೂ, ಪಿ.ಎಫ್. ಸಂಖ್ಯೆಯಡಿ ಪ್ರತ್ಯೇಕ ಗುರುತು ಮತ್ತು ಬಾರ್‌ಕೋಡ್ ಚೀಟಿ ಇರಲಿ. ಅದು ಮಾಲುಕೋಣೆಯಿಂದ ನ್ಯಾಯಾಲಯಕ್ಕೆ, ಅಲ್ಲಿಂದ ಪ್ರಯೋಗಾಲಯಕ್ಕೆ, ಮತ್ತೆ ಠಾಣೆಗೆ ಸಾಗುವಾಗ ಕೊಟ್ಟವರು, ಪಡೆದವರು, ಮೊಹರಿನ ಸ್ಥಿತಿ ಮತ್ತು ಸಮಯ ಪ್ರತಿ ಬಾರಿಯೂ ದಾಖಲಾಗಬೇಕು. ಪಡೆದವರು ಒಪ್ಪಿಕೊಳ್ಳುವವರೆಗೆ ವಸ್ತು ಕೊಟ್ಟವರ ಹೆಸರಿನಲ್ಲಿಯೇ ಉಳಿಯುವ ನಿಯಮ ಇಲ್ಲಿ ಬಹಳ ಉಪಯುಕ್ತ. ಒಂದು ಪೊಟ್ಟಣದಿಂದ ಮಾದರಿ ತೆಗೆದರೆ ಮಾದರಿಗೆ ಮೂಲದೊಂದಿಗೆ ಕೊಂಡಿಯಿರುವ ಹೊಸ ಗುರುತು ಸಿಗಬೇಕು.

ಶೋಧ ಮತ್ತು ಜಪ್ತಿಯನ್ನು ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಮಿನಂತೆ ದೃಶ್ಯ ಶ್ರವ್ಯ ಮಾಧ್ಯಮದಲ್ಲಿ ದಾಖಲಿಸಿ ವಿಳಂಬವಿಲ್ಲದೆ ದಂಡಾಧಿಕಾರಿಗಳಿಗೆ ಕಳುಹಿಸಬೇಕು. ಅಂಥ ಕಡತ ತಂತ್ರಾಂಶಕ್ಕೆ ಸೇರಿದ ಕ್ಷಣದಲ್ಲಿಯೇ ಅದರ ಹ್ಯಾಶ್ ಮೌಲ್ಯವನ್ನು, ಅಂದರೆ ಕಡತ ಒಂದಿಷ್ಟು ಬದಲಾದರೂ ಬೇರೆಯಾಗುವ ಅಂಕಿ-ಅಕ್ಷರಗಳ ಗುರುತನ್ನು, ಎಸ್‌ಎಚ್‌ಎ-256 ವಿಧಾನದಿಂದ ತೆಗೆದು ಸಂಗ್ರಹಿಸಬೇಕು. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರದಲ್ಲಿ ಹ್ಯಾಶ್ ಮೌಲ್ಯವನ್ನು ನಮೂದಿಸಲೇಬೇಕು. ಅದರ ಎರಡನೇ ಭಾಗಕ್ಕೆ ತಜ್ಞರ ಸಹಿ ಬೇಕು. ತಂತ್ರಾಂಶ ಈ ನಮೂನೆಯನ್ನು ಸಿದ್ಧಪಡಿಸಿ ಕೊಡಬಹುದೇ ಹೊರತು ತಜ್ಞರ ಜಾಗದಲ್ಲಿ ತಾನು ನಿಲ್ಲುವಂತಿಲ್ಲ. ವೀಕ್ಷಣೆಗಾಗಿ ಚಿಕ್ಕದು ಮಾಡಿದ ಪ್ರತಿಯನ್ನು ಬೇರೆಯೇ ಇಟ್ಟು, ಮೂಲ ಕಡತವನ್ನು ಎಂದಿಗೂ ಮುಟ್ಟಬಾರದು.

ನೋಡುವ ಹಕ್ಕು

ಲೈಂಗಿಕ ಅಪರಾಧದ ಸಂತ್ರಸ್ತರ ಗುರುತನ್ನು ಬಹಿರಂಗಪಡಿಸುವುದು ನ್ಯಾಯ ಸಂಹಿತೆಯ 72ನೇ ಕಲಮಿನಂತೆ ಅಪರಾಧ. ಪೋಕ್ಸೊ ಮತ್ತು ಬಾಲನ್ಯಾಯ ಕಾಯ್ದೆಗಳು ಮಕ್ಕಳ ಗುರುತಿಗೆ ಇದೇ ರಕ್ಷಣೆ ನೀಡುತ್ತವೆ. ಎಫ್‌ಐಆರ್‌ಗಳನ್ನು 24 ಗಂಟೆಯೊಳಗೆ ಜಾಲತಾಣದಲ್ಲಿ ಪ್ರಕಟಿಸಬೇಕೆಂದು 2016ರಲ್ಲಿ ಆದೇಶಿಸಿದ ಸುಪ್ರೀಂ ಕೋರ್ಟ್ ಇಂಥ ಸೂಕ್ಷ್ಮ ಪ್ರಕರಣಗಳನ್ನು ಅದರಿಂದ ಹೊರಗಿಟ್ಟಿದೆ. ಈ ಕಲಂಗಳು ಸೇರಿದ ಕೂಡಲೇ ಹೆಸರು, ವಿಳಾಸ, ಶಾಲೆ, ತಂದೆತಾಯಿಗಳ ವಿವರ ತಾನಾಗಿ ಮುಚ್ಚಿಕೊಳ್ಳಬೇಕು, ಹುಡುಕಾಟದಲ್ಲಿಯೂ ಸಿಗಬಾರದು. ತಿದ್ದಿದವರನ್ನಷ್ಟೇ ಅಲ್ಲ, ತೆರೆದು ಓದಿದವರನ್ನೂ ದಾಖಲಿಸಿ, ಆ ಪಟ್ಟಿಯನ್ನು ಠಾಣೆಯ ಹೊರಗಿನ ಹಿರಿಯ ಅಧಿಕಾರಿಯೊಬ್ಬರು ಆಗಾಗ ನೋಡುವ ವ್ಯವಸ್ಥೆ ಮಾಡಬೇಕು. ಅಭಿವೃದ್ಧಿಪಡಿಸುವವರ ಲ್ಯಾಪ್‌ಟಾಪಿಗೆ ನಿಜವಾದ ಪ್ರಕರಣದ ಒಂದು ಹಾಳೆಯೂ ಹೋಗಬಾರದು. ಪರೀಕ್ಷೆಗೆ ಕಲ್ಪಿತ ದತ್ತಾಂಶವನ್ನೇ ಸಿದ್ಧಪಡಿಸಿಕೊಳ್ಳಬೇಕು.

ಬಳಕೆಗೆ ಇಳಿಸುವುದು

ಒಂದು ನಗರ ಠಾಣೆ, ಒಂದು ಗ್ರಾಮಾಂತರ ಠಾಣೆಯನ್ನು ಆರಿಸಿ, ಹೊಸದಾಗಿ ದಾಖಲಾಗುವ ಪ್ರಕರಣಗಳನ್ನು ಮಾತ್ರ ಸೇರಿಸುತ್ತಾ, ಕಾಗದದ ಕಡತದೊಂದಿಗೆ ಸಮಾನಾಂತರವಾಗಿ ನಡೆಸಬೇಕು. ಮುದ್ರಿತ ಪ್ರತಿಯ ಅಂಚು, ಸಹಿಯ ಜಾಗ, ಪಂಚರ ಹೆಸರಿನ ಸಾಲು ನ್ಯಾಯಾಲಯದವರು ಒಪ್ಪುವಂತಿದೆಯೇ ಎಂಬುದನ್ನು ನ್ಯಾಯಾಲಯದ ಕರ್ತವ್ಯದಲ್ಲಿರುವ ಸಿಬ್ಬಂದಿಯಿಂದಲೇ ತಿಳಿಯಬೇಕು, ಏಕೆಂದರೆ ಕಾಗದ ವಾಪಸಾದರೆ ಮತ್ತೆ ಹೊತ್ತು ತಿರುಗಬೇಕಾದವರು ಅವರೇ. ಸರ್ವರ್‌ಗೆ ಏರಿಸುವ ಮುನ್ನ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್ ಮಾನ್ಯತೆ ಪಡೆದ ಸಂಸ್ಥೆಯಿಂದ ಭದ್ರತಾ ಪರಿಶೋಧನೆ ಮಾಡಿಸಬೇಕು, ಮತ್ತು ಬ್ಯಾಕಪ್‌ನಿಂದ ಇಡೀ ಒಂದು ಪ್ರಕರಣವನ್ನು ಮರಳಿ ಕಟ್ಟಿ, ಎಲ್ಲ ಹ್ಯಾಶ್ ಮೌಲ್ಯಗಳೂ ಹೊಂದುತ್ತವೆಯೇ ಎಂದು ನೋಡಬೇಕು. ಮೊದಲ ವರ್ಗಾವಣೆ ಬಂದಾಗ, ಹೊಸ ತನಿಖಾಧಿಕಾರಿ ಹಳಬರಿಗೆ ಫೋನ್ ಮಾಡದೆಯೇ ಬಾಕಿ ಕೆಲಸ, ಗಡುವು ಮತ್ತು ಮುದ್ದೆಮಾಲಿನ ಪಟ್ಟಿಯನ್ನು ತಂತ್ರಾಂಶದಿಂದಲೇ ಪಡೆದು ಪ್ರಭಾರ ವಹಿಸಿಕೊಳ್ಳಲು ಸಾಧ್ಯವಾಯಿತೇ ಎಂದು ಪರೀಕ್ಷಿಸಿ, ಆ ನಂತರವೇ ಮೂರನೆಯ ಠಾಣೆಗೆ ವಿಸ್ತರಿಸಬೇಕು.