ಸಿಡಿದ ಚಾರ್ಜರ್‌ಗೆ ಕಂಪನಿಯಿಂದ ಪರಿಹಾರ: ವಕೀಲರಿಲ್ಲದೆ ಗೆದ್ದ ಕ್ರಮ

ಉತ್ಪನ್ನ ಹೊಣೆಗಾರಿಕೆಯ ದೂರು, ಅಂದರೆ ದೋಷವಿರುವ ವಸ್ತುವಿನಿಂದಾದ ಹಾನಿಗೆ ಪರಿಹಾರ ಕೇಳುವ ದೂರು, ವಕೀಲರಿಲ್ಲದೆ ನಿಲ್ಲುವುದಿಲ್ಲ ಎಂದವರೇ ಹೆಚ್ಚು. ನಮ್ಮದು ನಿಂತಿತು, ಹಣವೂ ಕೈಸೇರಿತು. ಚಾರ್ಜರ್ ಸಿಡಿದು ಹಾಸಿಗೆ ಸುಟ್ಟು, ಕೈಗೆ ಗಾಯವಾದ ಪ್ರಕರಣ. ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಹಾಕುವುದು ಗೊತ್ತಿರುವವರಿಗಾಗಿ ಬರೆಯುತ್ತಿದ್ದೇನೆ.

ಮೊದಲ ವಾರದ ಕೆಲಸವೇ ದೂರನ್ನು ಉಳಿಸುತ್ತದೆ. ಸುಟ್ಟ ವಸ್ತುವಿನ ಮಸಿ ಒರೆಸಬಾರದು, ಮತ್ತೆ ಪ್ಲಗ್‌ಗೆ ಹಾಕಬಾರದು. ರಟ್ಟಿನ ಡಬ್ಬಿಯಲ್ಲಿಟ್ಟು ಅಂಟಿಸಿ, ಅಕ್ಕಪಕ್ಕದ ಇಬ್ಬರ ಸಹಿ, ತಾರೀಕು ಹಾಕಿಸಬೇಕು. ಕಂಪನಿಯ ಸರ್ವಿಸ್‌ನವರು "ಪರಿಶೀಲನೆಗೆ ಕೊಡಿ" ಎಂದು ಬಂದೇ ಬರುತ್ತಾರೆ. ಕೊಟ್ಟವರಿಗೆ ಸಿಗುವುದು "ಗ್ರಾಹಕರ ದುರ್ಬಳಕೆ" ಎಂಬ ಒಂದು ಸಾಲಿನ ವರದಿ, ಚಾರ್ಜರ್ ವಾಪಸ್ಸಿಲ್ಲ. ಎಷ್ಟೋ ದೂರುಗಳು ಬಿದ್ದುಹೋಗುವುದು ಇಲ್ಲೇ. ಬೇಕಿದ್ದರೆ ನಮ್ಮೆದುರೇ ನೋಡಿ ಎಂದು ಲಿಖಿತವಾಗಿ ಉತ್ತರಿಸಿ. ಮೊಬೈಲ್ ವಿಡಿಯೋ ಇದ್ದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರವನ್ನು ಹ್ಯಾಶ್ ಸಂಖ್ಯೆಯ (ವಿಡಿಯೋ ತಿದ್ದಿಲ್ಲವೆಂದು ತೋರಿಸುವ ಗುರುತುಸಂಖ್ಯೆ) ಸಮೇತ ಆಗಲೇ ಮಾಡಿಟ್ಟುಕೊಳ್ಳಿ.

ಎದುರುದಾರರ, ಅಂದರೆ ಕಂಪನಿಯವರ, ಎರಡನೇ ಅಸ್ತ್ರ "ವೋಲ್ಟೇಜ್ ಏರಿಳಿತ". ಇದಕ್ಕೆ ಹತ್ತು ರೂಪಾಯಿಯ ಮಾಹಿತಿ ಹಕ್ಕು ಅರ್ಜಿ ಸಾಕು. ವಿದ್ಯುತ್ ಕಂಪನಿಯಿಂದ ಆ ದಿನದ ಫೀಡರ್ ಲಾಗ್, ಅಂದರೆ ನಿಮ್ಮ ಕಡೆಯ ವಿದ್ಯುತ್ ಲೈನಿನ ದಾಖಲೆ, ಅದರ ಪ್ರತಿ ಕೇಳಿ. ಅದನ್ನು ಮುಂದಿಟ್ಟ ಮೇಲೆ ಆ ವಾದ ಮತ್ತೆ ಏಳಲಿಲ್ಲ. ಚಾರ್ಜರ್ ಮೇಲಿನ ಆರ್ ಸಂಖ್ಯೆಯನ್ನು (ತಯಾರಕರ ನೋಂದಣಿ ಸಂಖ್ಯೆ) ಭಾರತೀಯ ಮಾನಕ ಬ್ಯೂರೋದ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಿ. ಅದು ಬೇರೆ ತಯಾರಕರ ಹೆಸರಿನಲ್ಲಿದ್ದರೆ ಅರ್ಧ ದಾರಿ ಸವೆದಂತೆ.

ಖಾಸಗಿ ಲ್ಯಾಬ್ ವರದಿಗೆ ಹಣ ಸುರಿಯಬೇಡಿ, "ತಿದ್ದಿದ್ದಾರೆ" ಎನ್ನುತ್ತಾರೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 38(2)(ಸಿ) ಕಲಮಿನ ಕೆಳಗೆ ಆಯೋಗವೇ ಸೀಲ್ ಮಾಡಿ ಲ್ಯಾಬ್‌ಗೆ ಕಳಿಸುತ್ತದೆ, 45 ದಿನಗಳಲ್ಲಿ ವರದಿ ಕೇಳುತ್ತದೆ. ಅದರ ಅರ್ಜಿಯನ್ನು ದೂರಿನ ಜೊತೆಗೇ ಹಾಕಿ. ಲ್ಯಾಬ್ ಶುಲ್ಕ ನಾವೇ ಕಟ್ಟಬೇಕು, ಹದಿನೈದು ಸಾವಿರದ ಆಸುಪಾಸು ಆಯಿತು. ಆಯೋಗದ ಶುಲ್ಕ ಸೊನ್ನೆ: ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ಕೇಳುವ ಪರಿಹಾರ ಎಷ್ಟೇ ಇರಲಿ. ಅಂಚೆ, ಜೆರಾಕ್ಸ್ ಸೇರಿ ಒಟ್ಟು ಇಪ್ಪತ್ತು ಸಾವಿರ ಮುಟ್ಟಿರಬಹುದು.

ಇದರ ನಡುವೆ ಒಂದು ಪ್ರಯೋಗ. ಅದೇ ಬ್ಯಾಚಿನ ಇನ್ನೊಂದು ಚಾರ್ಜರ್ ಬಿಲ್ ಸಮೇತ ಕೊಂಡು, ವಿಡಿಯೋ ಮುಂದೆ ಬಿಚ್ಚಿಸಿದೆ. ಫ್ಯೂಸ್ ಇರಬೇಕಾದ ಜಾಗದಲ್ಲಿ ಬರೀ ತಂತಿ! ಆಯೋಗ ಅದಕ್ಕೆ ಹೆಚ್ಚು ತೂಕ ಕೊಡಲಿಲ್ಲ, ಆದರೆ ಕಂಪನಿಯ ರಾಜಿ ಮಾತು ಶುರುವಾದದ್ದು ಆ ವಿಡಿಯೋದ ಪ್ರತಿ ತಲುಪಿದ ಮೇಲೆಯೇ.

ದೂರಿನ ಪ್ರಾರ್ಥನೆ, ಅಂದರೆ ಏನೇನು ಕೊಡಿಸಬೇಕೆಂಬ ಕೋರಿಕೆ, ಬರೆಯುವಾಗ ಹೆಚ್ಚಿನವರು ಎಡವುವುದು ಒಂದೇ ಕಡೆ. ಅದೇ ಕಾಯ್ದೆಯ 2(22)ರ "ಹಾನಿ"ಯಲ್ಲಿ ಆ ವಸ್ತುವಿನದೇ ನಷ್ಟ ಸೇರುವುದಿಲ್ಲ. ಹಾಸಿಗೆ, ಚಿಕಿತ್ಸೆ, ಮಾನಸಿಕ ಯಾತನೆಯನ್ನು ತಯಾರಕರ ಹೊಣೆಯ 84ರ ಕೆಳಗೆ ಕೇಳಿ. ಚಾರ್ಜರ್ ಬೆಲೆಯನ್ನು ದೋಷದ ತಲೆಬರಹದಲ್ಲಿ ಬೇರೆಯಾಗಿ ಕೇಳಿ. ಅಂಗಡಿಯವರನ್ನೂ ಎದುರುದಾರರಾಗಿ ಸೇರಿಸಿ. ತಯಾರಕರ ಗುರುತು ಸಿಗದಿದ್ದರೆ, ನೋಟಿಸ್ ಜಾರಿಯಾಗದಿದ್ದರೆ 86ರಂತೆ ಹೊಣೆ ಅಂಗಡಿಯವರ ಮೇಲೆ ಬರುತ್ತದೆ.

ದೂರಿಗೆ ಉತ್ತರವಾಗಿ ಆಕ್ಷೇಪಣೆ ಹಾಕಲು ಎದುರುದಾರರಿಗಿರುವುದು 30 ದಿನ, ಮೇಲೆ 15. ಅದರಾಚೆ ಒಂದು ದಿನವೂ ಇಲ್ಲವೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2020ರಲ್ಲಿ ಹೇಳಿದೆ. ಆದರೆ ದಿನದ ಲೆಕ್ಕ ಶುರುವಾಗುವುದು ನೋಟಿಸ್ ಜೊತೆ ದೂರಿನ ಪ್ರತಿಯೂ ತಲುಪಿದ ಮೇಲೆ. ಒಂದು ಪುಟ ಬಿಟ್ಟುಹೋದರೂ ತಕರಾರು ತೆಗೆಯುತ್ತಾರೆ. ಪುಟಸಂಖ್ಯೆ ಹಾಕಿ, ಅಂಚೆಯ ಟ್ರ್ಯಾಕಿಂಗ್ ಮುದ್ರಿಸಿಡಿ. ನಮ್ಮಲ್ಲಿ ಅವರು ತಡಮಾಡಿದರು, ಆಕ್ಷೇಪಣೆ ದಾಖಲಾಗಲಿಲ್ಲ. ಅವರ ಅಧಿಕಾರಿಗೆ ಕೊಟ್ಟ ಪ್ರಶ್ನಾವಳಿಯನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ, ಎದುರುದಾರರ ವಕೀಲರೂ ಓದುತ್ತಾರೆ.

ಆದೇಶ ಬಂದೊಡನೆ ಹಣ ಬರುವುದಿಲ್ಲ. ಮೇಲ್ಮನವಿಗೆ 45 ದಿನ, ಅದಕ್ಕೂ ಅವರು ಅರ್ಧ ಮೊತ್ತ ಠೇವಣಿ ಇಡಬೇಕು. ಅವಧಿ ಮುಗಿದ ಮರುದಿನವೇ 71ರ ಅಮಲ್ಜಾರಿ (ಆದೇಶ ಜಾರಿ ಮಾಡಿಸುವ) ಅರ್ಜಿಯನ್ನೂ 72ರ ಅರ್ಜಿಯನ್ನೂ ಹಾಕಿ. 72ರಲ್ಲಿ ಆದೇಶ ಪಾಲಿಸದವರಿಗೆ ಒಂದು ತಿಂಗಳಿಂದ ಮೂರು ವರ್ಷದ ಜೈಲಿನ ಮಾತಿದೆ, ಕಂಪನಿಯ ನಿರ್ದೇಶಕರು ಫೈಲು ತರಿಸಿಕೊಂಡು ಓದುವುದು ಆಗಲೇ. ಬಡ್ಡಿಯನ್ನು ದೂರು ಹಾಕಿದ ದಿನದಿಂದ ಹಣ ಕೈಸೇರುವವರೆಗೆ ಕೇಳಿರಬೇಕು. ಪ್ರಾರ್ಥನೆಯಲ್ಲಿ ಅದಿಲ್ಲದಿದ್ದರೆ ಅಮಲ್ಜಾರಿಯಲ್ಲಿ ಹೊಸದಾಗಿ ಸೇರಿಸಲಾಗದು.